ಫೈಲು ಕೆಟ್ಟಿಲ್ಲ, ಡಿಲೀಟ್ ಮಾಡಬೇಡಿ

ಬಾಗಲಕೋಟೆಯ ನವನಗರದ ವಾಚನಾಲಯವೊಂದರಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳಿವು. ಬಂದವರಲ್ಲಿ ಕೆಲವರು ಬರೆದು ಕೊಡಿ ಎಂದು ಕೇಳಿದರು. ಕೊನೆಯಲ್ಲಿ ಅವರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದೆ ನನ್ನ ರಿಪೇರಿ ಅಂಗಡಿಗೆ ಒಂದು ಕುಟುಂಬ ಬಂತು. ತಾಯಿ, ಮಗಳು, ಅಳಿಯ. ಅಳಿಯನ ಕೈಯಲ್ಲಿ ಕಂಪ್ಯೂಟರ್ ಡಬ್ಬಿ. ಅದನ್ನು ಟೇಬಲ್ ಮೇಲೆ ಇಡುತ್ತಿದ್ದಂತೆ ಆ ತಾಯಿ ಒಂದೇ ಮಾತು ಹೇಳಿದರು. "ಇದರಾಗ ನಮ್ಮ ಹಳೆ ಮನಿ ಐತ್ರಿ."

ಇಲ್ಲಿ ಕೂತವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಏರುತ್ತದೆ ಎಂದಾದಾಗ ನಮ್ಮೂರಿನ ಎಷ್ಟೋ ಮನೆಗಳು ಖಾಲಿಯಾದವು. ನಮ್ಮಲ್ಲಿ ಎಷ್ಟೋ ಜನ ನವನಗರಕ್ಕೆ ಬಂದದ್ದೇ ಹಾಗೆ. ಹೊರಡುವ ಮೊದಲು ಕೆಲವರು ಹೊಸ್ತಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕೆಲವರು ಮದುವೆ ಶೂಟಿಂಗ್ ಮಾಡುವವರನ್ನು ಕರೆಸಿ ವಿಡಿಯೋ ಮಾಡಿಸಿದರು. ಈ ಕುಟುಂಬ 2002ರಲ್ಲಿ ಮಾಡಿಸಿತ್ತು. ಕಿಲ್ಲಾ ಓಣಿಯ ಮನೆ. ಪಡಸಾಲೆ, ಅಡುಗೆಮನೆ, ಹಿತ್ತಿಲು, ನೆಲದಲ್ಲಿ ಹೂತಿದ್ದ ಒರಳು. ಹದಿನೇಳು ನಿಮಿಷದ ಒಂದು ಎವಿಐ ಫೈಲು.

ಫೈಲು ತೆರೆದರೆ ಮಾತು ಕೇಳಿಸುತ್ತಿತ್ತು, ಚಿತ್ರ ಇಲ್ಲ. ಬರೀ ಕಪ್ಪು. ಅಳಿಯ ನೆಟ್‌ನಲ್ಲಿ ಹುಡುಕಿ ಒಂದು ಕೋಡೆಕ್ ಪ್ಯಾಕ್, ಅಂದರೆ ವಿಡಿಯೋ ಬಿಡಿಸಿ ತೋರಿಸುವ ಪ್ರೋಗ್ರಾಮ್‌ಗಳ ಒಂದು ಕಟ್ಟು, ಹಾಕಿದರು. ಚಿತ್ರ ಬರಲಿಲ್ಲ. ಇನ್ನೊಂದು ಹಾಕಿದರು. ಆಮೇಲೆ ಮೂರನೆಯದು. ಅದಾದ ಮೇಲೆ ಆ ಫೋಲ್ಡರ್ ತೆರೆದ ಕೂಡಲೇ ಕಿಟಕಿ ಮುಚ್ಚಿಕೊಳ್ಳತೊಡಗಿತು. ಅಲ್ಲಿಯವರೆಗೆ ಚೆನ್ನಾಗಿ ಓಡುತ್ತಿದ್ದ ಮದುವೆ ವಿಡಿಯೋ ತಲೆಕೆಳಗಾಗಿ ಕಾಣತೊಡಗಿತು. "ಫೈಲೂ ಕೆಟ್ಟೈತಿ, ಕಂಪ್ಯೂಟರೂ ಕೆಟ್ಟೈತಿ. ಎಲ್ಲಾ ಫಾರ್ಮ್ಯಾಟ್ ಮಾಡಿಬಿಡ್ರಿ" ಎಂದರು ಅಳಿಯ. ಆ ತಾಯಿ ಏನೂ ಮಾತಾಡಲಿಲ್ಲ.

ಫೈಲು ಕೆಟ್ಟಿರಲಿಲ್ಲ. ಇವತ್ತು ನಾನು ಇಲ್ಲಿ ನಿಂತಿರುವುದು ಇದನ್ನು ಹೇಳುವುದಕ್ಕೇ. ಹಳೆಯ ವಿಡಿಯೋ ಓಡದಿದ್ದರೆ ಹತ್ತರಲ್ಲಿ ಎಂಟು ಸಲ ಫೈಲು ಸರಿಯಾಗಿಯೇ ಇರುತ್ತದೆ, ಇದು ನನ್ನ ಅಂಗಡಿಯ ಅನುಭವ. ಅದನ್ನು ಓದುವ ವಿದ್ಯೆ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಅಷ್ಟೇ. ಆ ವಿದ್ಯೆಯನ್ನು ಕಂಪ್ಯೂಟರಿಗೆ ತುಂಬುವ ಅವಸರದಲ್ಲಿ ನಾವು ಕಂಪ್ಯೂಟರನ್ನು ಕೆಡಿಸುತ್ತೇವೆ. ಆಮೇಲೆ ಸಿಟ್ಟಿನಿಂದ ಫೈಲನ್ನೇ ಅಳಿಸುತ್ತೇವೆ.

ಒಂದು ಮಾತು ಒಪ್ಪಿಕೊಳ್ಳಬೇಕು. 2008ರ ಸುಮಾರಿಗೆ ನಾನೂ ಅದನ್ನೇ ಮಾಡುತ್ತಿದ್ದೆ. ಯಾವ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರೂ ಒಂದು ಕೋಡೆಕ್ ಪ್ಯಾಕ್ ಹಾಕಿಯೇ ಕೊಡುತ್ತಿದ್ದೆ. ಒಬ್ಬರಿಗೆ "ನಿಮ್ಮ ಸಿಡಿ ಹಾಳಾಗಿದೆ" ಎಂದು ಹೇಳಿ ಕಳಿಸಿದ್ದೆ. ಈಗ ನೆನೆದರೆ ಅದು ಕೋಡೆಕ್ ಸಮಸ್ಯೆಯೇ. ಅವರು ಆ ಸಿಡಿ ಎಸೆದಿರಬಹುದು. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಕೋಡೆಕ್ ಅಂದರೆ ಏನು? ಒಂದು ಲೆಕ್ಕದಿಂದ ಶುರು ಮಾಡೋಣ. ಈಗಿನ ಫುಲ್ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಟ್ಟು 20 ಲಕ್ಷಕ್ಕೂ ಜಾಸ್ತಿ. ಒಂದೊಂದು ಚುಕ್ಕಿಯ ಬಣ್ಣಕ್ಕೆ 3 ಬೈಟ್. ಅಂದರೆ ಒಂದು ಚಿತ್ರಕ್ಕೆ 62 ಲಕ್ಷ ಬೈಟ್. ಸೆಕೆಂಡಿಗೆ 25 ಚಿತ್ರ ಬೇಕು. ಹಾಗೆಯೇ ಬರೆದಿಟ್ಟರೆ ಒಂದು ನಿಮಿಷಕ್ಕೆ ಸುಮಾರು 9.3 ಜಿಬಿ! 4.7 ಜಿಬಿಯ ಒಂದು ಡಿವಿಡಿಯಲ್ಲಿ ಅರ್ಧ ನಿಮಿಷವಷ್ಟೇ ಹಿಡಿಯುತ್ತದೆ.

ಆದ್ದರಿಂದ ಒತ್ತಿ ಚಿಕ್ಕದು ಮಾಡಬೇಕು. ನಮ್ಮ ಹೋಳಿಯ ವಿಡಿಯೋ ನೆನಪಿಸಿಕೊಳ್ಳಿ. ಬಣ್ಣದ ಬಂಡಿ ಮುಂದೆ ಸಾಗುತ್ತದೆ, ಹಲಗಿ ಹೊಡೆಯುವವರ ಕೈ ಆಡುತ್ತದೆ. ಹಿಂದಿನ ಗೋಡೆ? ಅದು ಇದ್ದಲ್ಲೇ ಇರುತ್ತದೆ. ಗೋಡೆಯನ್ನು ಸೆಕೆಂಡಿಗೆ 25 ಸಲ ಯಾಕೆ ಬರೆಯಬೇಕು? ಒಮ್ಮೆ ಬರೆದಿಟ್ಟು, ಆಮೇಲೆ ಬದಲಾದದ್ದನ್ನಷ್ಟೇ ಬರೆದರೆ ಸಾಕು. ಹಾಗೆ ಒತ್ತಿ ಬರೆಯುವ, ಮತ್ತೆ ಬಿಡಿಸಿ ತೋರಿಸುವ ಕಟ್ಟಳೆಯೇ ಕೋಡೆಕ್. ಕೋಡರ್ ಮತ್ತು ಡಿಕೋಡರ್ ಎಂಬ ಎರಡು ಪದ ಸೇರಿ ಆದ ಹೆಸರು ಅದು. ಯಾವ ಕಟ್ಟಳೆಯಲ್ಲಿ ಒತ್ತಿದ್ದಾರೋ ಅದೇ ಕಟ್ಟಳೆಯಲ್ಲಿ ಬಿಡಿಸಬೇಕು.

ಇಲ್ಲಿ ಎಲ್ಲರಿಗೂ ಒಂದು ಗೊಂದಲ ಆಗುತ್ತದೆ. "ಸರ್, ಇದು ಎಂಪಿ4 ಫೈಲು, ಅದೂ ಎಂಪಿ4 ಫೈಲು. ಅದು ಓಡುತ್ತೆ, ಇದು ಯಾಕೆ ಓಡಲ್ಲ?" ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ ಅಲ್ವಾ? ಮೇಲಿನಿಂದ ನೋಡಿದರೆ ಎಲ್ಲರದೂ ಒಂದೇ ಥರದ ಬಟ್ಟೆಯ ಗಂಟು. ಒಬ್ಬರ ಗಂಟಿನಲ್ಲಿ ಸಜ್ಜೆ ರೊಟ್ಟಿ ಮತ್ತು ಪುಂಡಿ ಪಲ್ಯ. ಇನ್ನೊಬ್ಬರದರಲ್ಲಿ ಶೇಂಗಾ ಹೋಳಿಗೆ. ಎವಿಐ, ಎಂಪಿ4, ಎಂಕೆವಿ ಎಂಬುವು ಗಂಟಿನ ಹೆಸರು. ಒಳಗೆ ಚಿತ್ರಕ್ಕೆ ಒಂದು ಕೋಡೆಕ್ ಇರುತ್ತದೆ, ದನಿಗೆ ಬೇರೆಯೇ ಒಂದು. ಗಂಟು ಬಿಚ್ಚಲು ಬಂದರೂ ಒಳಗಿನದರಲ್ಲಿ ಒಂದು ಸಿಗಬಹುದು, ಇನ್ನೊಂದು ಸಿಗದೇ ಹೋಗಬಹುದು. ಆ ತಾಯಿಯ ಫೈಲಿನಲ್ಲಿ ದನಿ ಬಂದು ಚಿತ್ರ ಬಾರದ್ದು ಇದಕ್ಕೇ.

ಹಾಗಾದರೆ ಎಲ್ಲ ಕೋಡೆಕ್‌ಗಳನ್ನೂ ವಿಂಡೋಸ್‌ನಲ್ಲೇ ಯಾಕೆ ಇಟ್ಟಿಲ್ಲ? ದೊಡ್ಡ ಕಾರಣ ಪೇಟೆಂಟ್. ಹೆಚ್ಚಿನ ಕೋಡೆಕ್‌ಗಳಿಗೆ ಯಾರೋ ಹಕ್ಕುದಾರರಿದ್ದಾರೆ, ಅವರಿಗೆ ಹಣ ಕೊಡಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಡಿವಿಡಿ ನೋಡಲು ಬೇಕಾದ ಎಂಪೆಗ್-2 ಇರಲಿಲ್ಲ. ಆಮೇಲಿನ ವಿಂಡೋಸ್ ವಿಸ್ತಾ ಮತ್ತು ವಿಂಡೋಸ್ 7ರ ಹೋಂ ಪ್ರೀಮಿಯಂ ಆವೃತ್ತಿಗಳಲ್ಲಿ ಬಂತು, ವಿಂಡೋಸ್ 8ರಲ್ಲಿ ಡಿವಿಡಿ ನೋಡುವ ಸೌಲಭ್ಯ ಮತ್ತೆ ಹೋಯಿತು. ನಾವು ದಿನಾ ಕೇಳುವ ಎಂಪಿ3ಗೂ 2017ರ ಏಪ್ರಿಲ್‌ವರೆಗೆ ಲೈಸೆನ್ಸ್ ವ್ಯವಸ್ಥೆ ಇತ್ತು. ಹೊಸ ಫೋನುಗಳು ಬಳಸುವ ಎಚ್‌ಇವಿಸಿ ಎಂಬ ಕೋಡೆಕ್‌ಗೆ ಇವತ್ತಿಗೂ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಣ್ಣ ಮೊತ್ತ ಕೇಳುತ್ತಾರೆ.

ಇನ್ನೊಂದು ಕಾರಣ ಸುರಕ್ಷತೆ. ಆ ತಾಯಿಯ ಫೈಲಿನ ಗುಟ್ಟು ಇಲ್ಲೇ ಇತ್ತು. ಅದನ್ನು ಒತ್ತಿದ್ದು ಇಂಡಿಯೋ ಎಂಬ ಕೋಡೆಕ್‌ನಲ್ಲಿ. ಇಂಟೆಲ್ ಕಂಪನಿ 1990ರ ದಶಕದಲ್ಲಿ ಮಾಡಿದ್ದು ಅದು. ಎಕ್ಸ್‌ಪಿ ಕಾಲದಲ್ಲಿ ವಿಂಡೋಸ್ ಜೊತೆಗೇ ಬರುತ್ತಿತ್ತು. ಅದು ಹಳೆಯ ಕೋಡೆಕ್. ಬೇಕೆಂದೇ ತಿರುಚಿದ ವಿಡಿಯೋ ಕೊಟ್ಟರೆ ಅದರ ಮೂಲಕ ಕಂಪ್ಯೂಟರಿನೊಳಗೆ ನುಗ್ಗಬಹುದಾಗಿತ್ತು. ಹಾಗಾಗಿ 2009ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಬಿಟ್ಟು ಮೀಡಿಯಾ ಪ್ಲೇಯರ್‌ನಲ್ಲಿ ಅದನ್ನು ತಡೆಯಿತು. ವಿಸ್ತಾ ಮತ್ತು ವಿಂಡೋಸ್ 7ರಲ್ಲಿ ಮೊದಲಿನಿಂದಲೇ ಅದನ್ನು ಚಾಲೂ ಇಟ್ಟಿರಲಿಲ್ಲ. ಅದು ಸರಿಯಾದ ಕೆಲಸ, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಹಳೆ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಮನೆಯ ವಿಡಿಯೋ ಹೊಸದರಲ್ಲಿ ಕಪ್ಪಾಯಿತು. ಯಾಕೆಂದು ಆ ತಾಯಿಗೆ ಹೇಳುವವರು ಯಾರೂ ಇರಲಿಲ್ಲ.

ಈಗ ಕೋಡೆಕ್ ಪ್ಯಾಕ್ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಅಂಗಡಿಗೆ ಬರುವ ತೊಂದರೆ ಹೆಚ್ಚಾಗಿ ಇದೇ.

ಕೋಡೆಕ್ ಎಂಬುದು ಒಂದು ಪ್ಲೇಯರಿಗಷ್ಟೇ ಸೇರುವ ವಸ್ತು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ವಿಂಡೋಸ್‌ನಲ್ಲಿ ಡೈರೆಕ್ಟ್‌ಶೋ ಎಂಬ ವ್ಯವಸ್ಥೆ ಇದೆ. ಹಾಕಿದ ಕೋಡೆಕ್ ಅಲ್ಲಿ ತನ್ನ ಹೆಸರು ನೋಂದಾಯಿಸುತ್ತದೆ. ಆಮೇಲೆ ಆ ವ್ಯವಸ್ಥೆ ಬಳಸುವ ಎಲ್ಲ ಪ್ರೋಗ್ರಾಮ್‌ಗಳೂ ಅದನ್ನೇ ಕರೆಯಬಹುದು. ಒಂದೇ ಕೆಲಸಕ್ಕೆ ನಾಲ್ಕು ಕೋಡೆಕ್ ಇದ್ದರೆ ಯಾರನ್ನು ಮೊದಲು ಕರೆಯಬೇಕು? ಅದಕ್ಕೆ ಒಂದು ಅಂಕ ಇದೆ, ಅದರ ಹೆಸರೇ ಮೆರಿಟ್. ಕಾಲೇಜು ಸೀಟಿನ ಮೆರಿಟ್ ಲಿಸ್ಟ್ ನಿಮಗೆ ಗೊತ್ತು. ಅಲ್ಲಿ ಅಂಕ ಕೊಡುವವರು ಬೇರೆ ಇರುತ್ತಾರೆ. ಇಲ್ಲಿ ಕೋಡೆಕ್ ಮಾಡಿದವರೇ ತಮ್ಮ ಕೋಡೆಕ್‌ಗೆ ಅಂಕ ಬರೆದುಕೊಳ್ಳುತ್ತಾರೆ. ಎಲ್ಲರಿಗೂ ತಮ್ಮದೇ ಮೊದಲು ಬರಬೇಕು. ಮೂರು ಪ್ಯಾಕ್ ಹಾಕಿದರೆ ಒಂದೇ ಫೈಲಿಗೆ ಆರೇಳು ಜನ ಕೈ ಹಾಕುತ್ತಾರೆ. ಕೊನೆಗೆ ಯಾರು ಹಿಡಿದರು ಎಂಬುದು ರಿಪೇರಿ ಮಾಡುವ ನನಗೂ ಒಮ್ಮೆಲೇ ಗೊತ್ತಾಗುವುದಿಲ್ಲ.

ಮದುವೆ ವಿಡಿಯೋ ತಲೆಕೆಳಗಾಯಿತು ಅಂದೆನಲ್ಲ, ಅದು ಭೂತಚೇಷ್ಟೆಯಲ್ಲ. ವಿಂಡೋಸ್‌ನ ಹಳೆ ಪದ್ಧತಿಯಲ್ಲಿ ಕೆಂಪು, ಹಸಿರು, ನೀಲಿ ಎಂದು ಬರೆದ ಚಿತ್ರದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಇಡುತ್ತಾರೆ. ವಿಡಿಯೋದಲ್ಲಿ ಹೆಚ್ಚಾಗಿ ಬಳಸುವ ಇನ್ನೊಂದು ಪದ್ಧತಿಯಲ್ಲಿ ಮೇಲಿನಿಂದ ಕೆಳಕ್ಕೆ. ಎರಡು ಕೋಡೆಕ್‌ಗಳ ನಡುವೆ ಇದರಲ್ಲಿ ಹೊಂದಾಣಿಕೆ ತಪ್ಪಿದರೆ ಮದುಮಕ್ಕಳು ತಲೆ ಕೆಳಗೆ ಮಾಡಿ ನಿಲ್ಲುತ್ತಾರೆ. ಬಣ್ಣದ ಲೆಕ್ಕ ತಪ್ಪಿದರೆ ಮುಖ ಹಸಿರಾಗುತ್ತದೆ. ಸಬ್‌ಟೈಟಲ್ ತೋರಿಸುವವರು ಇಬ್ಬರಾದರೆ ಒಂದೇ ಸಾಲು ಎರಡು ಸಲ, ಒಂದರ ಮೇಲೊಂದು.

ಫೋಲ್ಡರ್ ಮುಚ್ಚಿಕೊಳ್ಳುವ ಕಥೆ ಇನ್ನೂ ಗಂಭೀರ. ಫೋಲ್ಡರ್ ತೆರೆದಾಗ ಪ್ರತಿ ವಿಡಿಯೋದ ಮೇಲೂ ಒಂದು ಸಣ್ಣ ಚಿತ್ರ ಕಾಣುತ್ತದೆ. ಅದನ್ನು ತೆಗೆಯಲು ವಿಂಡೋಸ್ ಆಗಲೇ ಕೋಡೆಕ್‌ನ್ನು ಕರೆದಿರುತ್ತದೆ. ನೀವು ವಿಡಿಯೋ ಮುಟ್ಟಿಯೇ ಇಲ್ಲ, ಫೋಲ್ಡರ್ ತೆರೆದಿದ್ದೀರಿ ಅಷ್ಟೇ. ಅಷ್ಟಕ್ಕೇ ಕೆಟ್ಟ ಕೋಡೆಕ್ ಎಡವಿ ಬೀಳುತ್ತದೆ. ಹೀಗೆ ಬಿದ್ದಾಗ ಇಡೀ ಕಿಟಕಿ ಹೋಗಬಾರದೆಂದು ಈ ಕೆಲಸಕ್ಕೆ ಕಾಮ್ ಸರೊಗೇಟ್ ಎಂಬ ಬೇರೆ ಆಳನ್ನು ಇಟ್ಟಿದ್ದಾರೆ. "ಕಾಮ್ ಸರೊಗೇಟ್ ನಿಂತುಹೋಗಿದೆ" ಎಂಬ ಸಂದೇಶ ನೀವೂ ನೋಡಿರಬಹುದು. ಜನ ಅದನ್ನು ವೈರಸ್ ಎಂದುಕೊಂಡು ಹೆದರುತ್ತಾರೆ. ಎಷ್ಟೋ ಸಲ ಅದರ ಹಿಂದೆ ಇರುವುದು ಒಂದು ಹಾಳು ಕೋಡೆಕ್. ಅಂಥ ಹೊತ್ತಿನಲ್ಲಿ ಫೋಲ್ಡರ್ ಆಪ್ಶನ್ಸ್‌ಗೆ ಹೋಗಿ ಸಣ್ಣ ಚಿತ್ರ ಬೇಡ, ಬರೀ ಐಕಾನ್ ಸಾಕು ಎಂದು ಗುರುತು ಹಾಕಿ. ಫೋಲ್ಡರ್ ತೆರೆದುಕೊಳ್ಳುತ್ತದೆ. ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಬಹುದು. ನಾನು ಆ ತಾಯಿಯ ಫೈಲನ್ನು ಮೊದಲು ಉಳಿಸಿಕೊಂಡದ್ದು ಹೀಗೇ.

ಇನ್ನು 32 ಬಿಟ್ ಮತ್ತು 64 ಬಿಟ್. ಇವು ಪ್ರೋಗ್ರಾಮ್‌ಗಳ ಎರಡು ಬಗೆ. 64 ಬಿಟ್ ವಿಂಡೋಸ್‌ನಲ್ಲಿ ಕೋಡೆಕ್‌ಗಳಿಗೆ ಎರಡು ಬೇರೆ ಬೇರೆ ಮನೆಗಳಿವೆ. 32 ಬಿಟ್ ಪ್ಲೇಯರ್ 64 ಬಿಟ್ ಕೋಡೆಕ್ ಬಳಸಲಾರದು, 64 ಬಿಟ್ ಪ್ಲೇಯರ್ 32 ಬಿಟ್ ಕೋಡೆಕ್ ಬಳಸಲಾರದು. "ಹಾಕಿದ್ದೇನೆ, ಆದರೂ ಓಡುತ್ತಿಲ್ಲ" ಎಂದು ಎರಡನೆಯ ಪ್ಯಾಕ್ ಹಾಕುವವರಲ್ಲಿ ಎಷ್ಟೋ ಜನ ಸಿಕ್ಕಿಕೊಂಡದ್ದು ಇಲ್ಲಿ.

ಸರಿ, ತೆಗೆದುಹಾಕಿದರೆ ಆಯಿತಲ್ಲ? ಅಲ್ಲೂ ತೊಡಕಿದೆ. ಪ್ಯಾಕ್ ಹೋದರೂ ಅದು ನೋಂದಾಯಿಸಿದ ಹೆಸರು ಕೆಲವೊಮ್ಮೆ ಉಳಿಯುತ್ತದೆ. ವಿಂಡೋಸ್ ಆ ಹೆಸರು ನೋಡಿ ಕರೆಯುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಮೊದಲು ಓಡುತ್ತಿದ್ದ ವಿಡಿಯೋ ಕೂಡ ನಿಲ್ಲುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಒಳ್ಳೆಯ ಉದ್ದೇಶದಿಂದ ಮಾಡಿದ ಕೋಡೆಕ್‌ಗಳ ಕಥೆ. ಕೋಡೆಕ್ ಎಂಬ ಹೆಸರಿನಲ್ಲಿ ಮೋಸವೂ ನಡೆದಿದೆ. 2005ರಿಂದ ಈಚೆಗೆ ಝ್ಲಾಬ್ ಎಂಬ ಕಳ್ಳ ಪ್ರೋಗ್ರಾಮ್ ಹರಡಿತು. ನೆಟ್‌ನಲ್ಲಿ ಒಂದು ವಿಡಿಯೋ ಒತ್ತಿದರೆ "ಇದನ್ನು ನೋಡಲು ಕೋಡೆಕ್ ಬೇಕು, ಇಲ್ಲಿ ಒತ್ತಿ" ಎಂದು ಬರುತ್ತಿತ್ತು. ಒತ್ತಿದರೆ ಬರುತ್ತಿದ್ದುದು ಕೋಡೆಕ್ ಅಲ್ಲ, ಝ್ಲಾಬ್. ಇದೇ ದಾರಿಯಲ್ಲಿ ಬಂದ ಇನ್ನೊಂದು ಡಿಎನ್‌ಎಸ್‌ಚೇಂಜರ್. ನೀವು ಒಂದು ವಿಳಾಸ ಬರೆದರೆ ಅದು ನಿಮ್ಮನ್ನು ಬೇರೆಲ್ಲೋ ಕರೆದೊಯ್ಯುತ್ತಿತ್ತು. 100ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ಅದು ತಗುಲಿತ್ತು. 2011ರ ನವೆಂಬರ್‌ನಲ್ಲಿ ಎಸ್ಟೋನಿಯಾದ ಆರು ಜನರನ್ನು ಬಂಧಿಸಿದ ಸುದ್ದಿಯನ್ನು ಅಮೆರಿಕದ ಎಫ್‌ಬಿಐ ತಿಳಿಸಿತು. ವಿಡಿಯೋ ನೋಡುವ ಆಸೆಗೆ ಒಂದು ಸಲ ಒತ್ತಿದ ತಪ್ಪಿಗೆ ಇಷ್ಟೆಲ್ಲ.

ಇವತ್ತು ನೆಟ್‌ನಲ್ಲಿ ವಿಡಿಯೋ ನೋಡಲು ಬ್ರೌಸರೇ ಸಾಕು. ಯಾವ ಜಾಲತಾಣವಾದರೂ ಕೋಡೆಕ್ ಹಾಕಿ ಎಂದರೆ ಆ ಪುಟ ಮುಚ್ಚಿಬಿಡಿ. ಮಕ್ಕಳಿಗೂ ಹೇಳಿ.

ಹಾಗಾದರೆ ಏನು ಮಾಡಬೇಕು? ತನ್ನ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡ ಪ್ಲೇಯರ್ ಬಳಸಿ. ವಿಎಲ್‌ಸಿ ಅಂಥದ್ದು. 1996ರಲ್ಲಿ ಪ್ಯಾರಿಸ್‌ನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು. 2001ರಿಂದ ಮುಕ್ತ ತಂತ್ರಾಂಶ. ದುಡ್ಡು ಬೇಡ, ಜಾಹೀರಾತು ಇಲ್ಲ. ಅದು ವಿಂಡೋಸ್‌ನಲ್ಲಿ ನೋಂದಾಯಿಸಿದ ಕೋಡೆಕ್‌ಗಳ ಹಂಗಿನಲ್ಲಿಲ್ಲ, ತಾನು ಅಲ್ಲಿ ಕೋಡೆಕ್ ನೋಂದಾಯಿಸುವುದೂ ಇಲ್ಲ. ಬೇಡ ಅನಿಸಿದರೆ ತೆಗೆಯಿರಿ, ಕಂಪ್ಯೂಟರ್ ಮೊದಲಿನಂತೆಯೇ ಇರುತ್ತದೆ. ಎಂಪಿವಿ ಎಂಬುದೂ ಇದೇ ಥರದ್ದು. ಇವೆರಡೂ ಎಫ್‌ಎಫ್‌ಎಂಪೆಗ್ ಎಂಬ ಕೋಡೆಕ್ ಭಂಡಾರವನ್ನು ಬಳಸುತ್ತವೆ. 2000ನೇ ಇಸವಿಯಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಎಂಬವರು ಅದನ್ನು ಶುರು ಮಾಡಿದರು. ಯಾರೂ ಬಳಸದ ಹಳೆಯ ಕೋಡೆಕ್‌ಗಳನ್ನೂ ಆ ಜನ ಕಷ್ಟಪಟ್ಟು ಕಾಪಾಡಿಕೊಂಡು ಬಂದಿದ್ದಾರೆ. ಇಂಡಿಯೋ ಕೂಡ ಅದರಲ್ಲಿದೆ. ಬಾಗಲಕೋಟೆಯ ಒಂದು ಮನೆ ಉಳಿಯಲು ಅವರ ಕೆಲಸ ಕಾರಣ. ಅವರಿಗೆ ಅದು ಗೊತ್ತಿಲ್ಲ, ಆದರೆ ನಾನು ಇಲ್ಲಿ ಹೇಳಲೇಬೇಕು.

ವಿಎಲ್‌ಸಿ ಇಳಿಸುವಾಗ ಅದನ್ನು ಮಾಡಿದ ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿ. 2022ರಲ್ಲಿ ಕೆಲವು ತಿಂಗಳು ನಮ್ಮ ದೇಶದಲ್ಲಿ ಆ ತಾಣ ತೆರೆಯುತ್ತಿರಲಿಲ್ಲ, ತಡೆ ಇತ್ತು. ನವೆಂಬರ್‌ನಲ್ಲಿ ತೆರವಾಯಿತು. ಆ ದಿನಗಳಲ್ಲಿ ಕಂಡಕಂಡ ಕಡೆಯಿಂದ ಇಳಿಸಿದವರು ಒಮ್ಮೆ ತೆಗೆದು ಸರಿಯಾದದ್ದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಆ ತಾಯಿಯ ಕಂಪ್ಯೂಟರಿಗೆ ಬರುತ್ತೇನೆ. ಫೈಲನ್ನು ಎರಡು ಕಡೆ ಕಾಪಿ ಮಾಡಿದೆ. ಮೂರೂ ಪ್ಯಾಕ್ ತೆಗೆದೆ. ಅಳಿಯ ಪ್ಯಾಕ್ ಹಾಕುವ ಹಿಂದಿನ ವಾರದ ಒಂದು ರಿಸ್ಟೋರ್ ಪಾಯಿಂಟ್, ಅಂದರೆ ವಿಂಡೋಸ್ ತನ್ನ ಆಗಿನ ಸ್ಥಿತಿಯನ್ನು ಉಳಿಸಿಟ್ಟ ಗುರುತು, ಸಿಕ್ಕಿತು, ಅಲ್ಲಿಗೆ ಮರಳಿಸಿದೆ. ವಿಎಲ್‌ಸಿ ಹಾಕಿ ಫೈಲು ತೆರೆದೆ. ಪಡಸಾಲೆ ಕಂಡಿತು. ಮಗಳು "ಅವ್ವಾ" ಎಂದರು. ಆ ತಾಯಿ ಪರದೆಯ ಹತ್ತಿರ ಬಂದು ಒರಳನ್ನು ತೋರಿಸಿ, ಅದನ್ನು ಕಿತ್ತು ತರಲು ಆಗಲಿಲ್ಲ ಎಂದರು. ಆಮೇಲೆ ಅದನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಮ್‌ನಲ್ಲಿ ಎಚ್264 ಕೋಡೆಕ್‌ಗೆ ಬದಲಿಸಿ ಕೊಟ್ಟೆ. 2003ರಲ್ಲಿ ಬಂದ ಕೋಡೆಕ್ ಅದು, ಈಗ ಫೋನು, ಟಿವಿ ಎಲ್ಲದರಲ್ಲೂ ಓಡುತ್ತದೆ. ಮೂಲ ಫೈಲನ್ನು ಅಳಿಸಬೇಡಿ ಎಂದೂ ಹೇಳಿದೆ. ಬದಲಿಸುವಾಗ ಚಿತ್ರದ ಗುಣ ಸ್ವಲ್ಪವಾದರೂ ಹೋಗುತ್ತದೆ. ಮುಂದೆ ಇನ್ನೊಮ್ಮೆ ಬದಲಿಸಬೇಕಾದರೆ ಮೂಲದಿಂದಲೇ ಬದಲಿಸಬೇಕು.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಪೆನ್‌ಡ್ರೈವ್‌ನಲ್ಲಿ ಹಾಕಿದ ಸಿನಿಮಾ ಟಿವಿಯಲ್ಲಿ ಕಾಣುತ್ತದೆ, ದನಿ ಇಲ್ಲ ಎಂದು ಒಬ್ಬರು ಕೇಳಿದರು. ದನಿ ಡಿಟಿಎಸ್ ಅಥವಾ ಡಾಲ್ಬಿ ಕೋಡೆಕ್‌ನಲ್ಲಿ ಇರಬಹುದು, ಟಿವಿಗೆ ಅದು ಬರುವುದಿಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ಎಷ್ಟು ಕೋಡೆಕ್ ಹಾಕಿದರೂ ಉಪಯೋಗವಿಲ್ಲ. ದನಿಯನ್ನು ಮಾತ್ರ ಎಎಸಿ ಎಂಬ ಕೋಡೆಕ್‌ಗೆ ಬದಲಿಸಿ, ಚಿತ್ರವನ್ನು ಮುಟ್ಟಬೇಡಿ.

ಐಫೋನ್ ವಿಡಿಯೋ ಹಳೆ ಲ್ಯಾಪ್‌ಟಾಪ್‌ನಲ್ಲಿ ತಡವರಿಸುತ್ತದೆ ಎಂದು ಒಬ್ಬ ಹುಡುಗಿ ಹೇಳಿದಳು. ಐಫೋನಿನ 2017ರ ತಂತ್ರಾಂಶ ಐಒಎಸ್ 11ರಿಂದ ಆ ಫೋನುಗಳು ಎಚ್‌ಇವಿಸಿಯಲ್ಲಿ ಚಿತ್ರೀಕರಿಸುತ್ತವೆ. ಅದನ್ನು ಬಿಡಿಸಲು ತುಂಬ ಲೆಕ್ಕ ಮಾಡಬೇಕು. ಹಳೆ ಲ್ಯಾಪ್‌ಟಾಪ್‌ನ ಚಿಪ್‌ನಲ್ಲಿ ಅದಕ್ಕೆಂದೇ ಮಾಡಿದ ಭಾಗ ಇರುವುದಿಲ್ಲ. ಇಲ್ಲಿ ಕೊರತೆ ಯಂತ್ರದ ಶಕ್ತಿಯದು. ಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ಸ್ ಎಂದಿದೆ. ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿ. ಮುಂದಿನ ವಿಡಿಯೋಗಳು ಎಚ್264ರಲ್ಲಿ ಬರುತ್ತವೆ.

ಕೋಡೆಕ್ ಹಾಕಲೇಬಾರದೇ ಎಂದು ಒಬ್ಬ ಶಿಕ್ಷಕರು ಕೇಳಿದರು. ಹಾಗೇನಿಲ್ಲ. ಹಳೆಯ ಎಡಿಟಿಂಗ್ ಪ್ರೋಗ್ರಾಮ್ ಬಳಸುವವರಿಗೆ ನಿಜವಾಗಿ ಬೇಕಾಗಬಹುದು. ಆಗ ಮೊದಲು ಮೀಡಿಯಾಇನ್ಫೋ ಎಂಬ ಸಣ್ಣ ಪ್ರೋಗ್ರಾಮ್‌ನಲ್ಲಿ ಫೈಲು ತೆರೆಯಿರಿ. ಒಳಗೆ ಯಾವ ಕೋಡೆಕ್ ಇದೆ ಎಂದು ಅದು ಹೇಳುತ್ತದೆ. ಬೇಕಾದ ಒಂದನ್ನೇ, ಅದನ್ನು ಮಾಡಿದವರ ತಾಣದಿಂದಲೇ ತಂದು ಹಾಕಿ. ಅದಕ್ಕೂ ಮೊದಲು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ನೂರು ಕೋಡೆಕ್ ಇರುವ ಗಂಟನ್ನು ಸುಮ್ನೆ ತಂದು ಸುರಿಯಬೇಡಿ.

ಮಾತು ಮುಗಿದು ಕುರ್ಚಿ ಎತ್ತಿಡುವಾಗ ಒಬ್ಬ ಹೆಣ್ಣುಮಗಳು ಒಂದು ಸಣ್ಣ ಮೆಮೊರಿ ಕಾರ್ಡ್ ತಂದರು. ಹಳೆಯ ಬಟನ್ ಫೋನಿನದ್ದು. ಅದರಲ್ಲಿ ಒಂದು 3ಜಿಪಿ ವಿಡಿಯೋ. ಚಿತ್ರ ಬರುತ್ತದೆ, ದನಿ ಬರುವುದಿಲ್ಲ, ಮಗ ಅಳಿಸಿಬಿಡು ಅಂತಾನೆ ಎಂದರು. ಆ ಕಾಲದ ಫೋನುಗಳು ದನಿಯನ್ನು ಎಎಂಆರ್ ಎಂಬ ಕೋಡೆಕ್‌ನಲ್ಲಿ ಬರೆಯುತ್ತಿದ್ದವು. ಫೋನಿನಲ್ಲಿ ಮಾತಾಡಲೆಂದೇ ಮಾಡಿದ್ದು ಅದು, ಹಾಡಿಗಲ್ಲ. ನನ್ನ ಲ್ಯಾಪ್‌ಟಾಪ್‌ಗೆ ಕಾರ್ಡ್ ಹಾಕಿ ವಿಎಲ್‌ಸಿಯಲ್ಲಿ ತೆರೆದೆ. ಅಂಗೈಯಗಲದ ಮಸುಕಾದ ಚಿತ್ರ. ಬೀಸುಕಲ್ಲಿನ ಮುಂದೆ ಕೂತ ಒಬ್ಬ ಅಜ್ಜಿ. ಕಲ್ಲಿನ ಗುರುಗುರು ಸದ್ದಿನ ಜೊತೆ ಬೀಸುವ ಹಾಡು ಶುರುವಾಯಿತು. ಕುರ್ಚಿ ಎತ್ತುತ್ತಿದ್ದ ಹುಡುಗರು ಅಲ್ಲೇ ನಿಂತರು. ಒಂದು ನಿಮಿಷ ನಲವತ್ತು ಸೆಕೆಂಡು. ಮುಗಿದ ಮೇಲೆ ಆಕೆ ಇನ್ನೊಮ್ಮೆ ಹಾಕ್ರಿ ಎಂದರು. ಹಾಕಿದೆ. ಹಾಡು ಮುಗಿಯುವುದರೊಳಗೆ ಒಂದು ಪೆನ್‌ಡ್ರೈವ್ ಹುಡುಕಿ ತಂದು ಅದಕ್ಕೂ ಕಾಪಿ ಮಾಡಿಕೊಟ್ಟೆ.